ಷರಾ

ಆರೂಕಾಲಿನ ಗಾಡಿಗೆ ಅರಸೀಕೆರೆಯಲ್ಲಿಳಿದು
ಪ್ಲಾಟ್‌ಫಾರಂ ಟೀ ಕುಡಿದು
ವೈಜಯಂತಿ ಟಾಕೀಸಿನ ಕಡೆ ನಡೆಯುವವನು ನಾನು,
ವಿತರಕರ ರೆಪ್ರೆಸೆಂಟೇಟಿವ್.
ಹುಡುಗ ಸಿನಿಮಾದಲ್ಲಿದ್ದಾನೆ ಅಂದಾಗ
ಹೆಣ್ಣು ಕೊಟ್ಟವರು ಮೊದಲು ಹಿಗ್ಗಿದರು,
ಆಮೇಲೆ ಕೇಳಿದರು: ಯಾವ ಪಾತ್ರ?

ತಲೆ ಎಣಿಸುವ ಪಾತ್ರ.
ಪರದೆಗೆ ಬೆನ್ನು ಮಾಡಿ, ಬ್ಯಾಟರಿ ಹಿಡಿದು
ಇಪ್ಪತ್ತಾರು ವರ್ಷ ಎಣಿಸಿದ್ದೇನೆ.
ನಾಯಕ ಸಾಯುವುದನ್ನು ನೋಡಿದ್ದು ಕಡಿಮೆ,
ಅವನು ಸಾಯುವಾಗ ಮೂರನೇ ಸಾಲಿನವರ ಬಾಯಿ
ಎಷ್ಟು ತೆರೆದಿರುತ್ತದೆ ಅನ್ನುವುದು ಗೊತ್ತು.

ಶುಕ್ರವಾರ ಕಟೌಟಿಗೆ ಹಾಲು ಇಪ್ಪತ್ತು ಲೀಟರು,
ಅದು ನನ್ನ ಹಾಳೆಗೆ ಬರುವುದಿಲ್ಲ.
ತಮಟೆ, ಪಟಾಕಿ, ಕಿತ್ತುಹೋದ ಒಂಟಿ ಚಪ್ಪಲಿ,
ಅದೂ ಬರುವುದಿಲ್ಲ.
ಗೇಟಿನಲ್ಲಿ ಮೊಬೈಲು ಚಾಚುವ ಹುಡುಗನಿಗೆ
‘ಬೆಂಕಿ ಅಣ್ಣಾ, ನೂರು ದಿನ ಗ್ಯಾರಂಟಿ’ ಎಂದು ಕೂಗುವವರು
ಇನ್ನೂ ಇಂಟರ್‌ವಲ್ಲಿಗೆ ಎದ್ದು ಬಂದವರು.
ಸೋಮವಾರ ಪೇಪರಿನ ತುಂಬ ಕೋಟಿ.
ನನ್ನ ಹಾಳೆಯಲ್ಲಿ ಬಾಲ್ಕನಿ ಹದಿನಾಲ್ಕು, ಕೆಳಗೆ ಮೂವತ್ತೊಂದು;
ತೆರಿಗೆ ಕಳೆದು, ಬಾಡಿಗೆ ಕಳೆದು,
ಪೋಸ್ಟರ್ ಅಂಟಿಸುವ ಗಂಗಹನುಮಯ್ಯನ
ಮೈದಾ ಹಿಟ್ಟಿನ ದುಡ್ಡನ್ನೂ ಕಳೆದು
ಉಳಿಯುವುದಕ್ಕೆ ಷೇರು ಎನ್ನುತ್ತೇವೆ.
ಉಳಿಯದಿದ್ದರೂ ಹಾಗೇ ಎನ್ನುತ್ತೇವೆ.

ಹಾಳೆಯ ತುದಿಗೊಂದು ಸಣ್ಣ ಕಾಲಂ: ಷರಾ.
ಕಲೆಕ್ಷನ್ ಬಿದ್ದರೆ ಕಾರಣ ಅಲ್ಲಿ.
ಮಳೆ ಅಂತ ಬರೆದಿದ್ದೇನೆ, ಮ್ಯಾಚು ಅಂತ,
ಪಿತೃಪಕ್ಷ ಅಂತ, ಕೊಬ್ಬರಿ ರೇಟು ಇಳಿದಿದೆ ಅಂತ.
ಸಿನಿಮಾ ಚೆನ್ನಾಗಿಲ್ಲ ಅಂತ ಒಂದು ದಿನವೂ ಬರೆದವನಲ್ಲ.
ನಮ್ಮ ಕಸುಬಿನಲ್ಲಿ ಅದು ಕಾರಣವಲ್ಲ.

ಹೋದ ವಾರದ್ದು ಹೊಸಬರ ಚಿತ್ರ.
ತಕ್ಕಡಿ ರಿಪೇರಿಯವನೊಬ್ಬನ ಕಥೆಯಂತೆ.
ಫೈಟಿಲ್ಲ. ಒಂದು ಹಾಡಿದೆ,
ಪಕ್ಕದ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತ ಗುನುಗಿದ ಹಾಗೆ.
ಶುಕ್ರವಾರ ನಲವತ್ತು. ಶನಿವಾರ ಇಪ್ಪತ್ತೆರಡು.
ಭಾನುವಾರ ಮ್ಯಾಟಿನಿ ಕ್ಯಾನ್ಸಲ್.
ಹತ್ತು ಜನ ಇಲ್ಲದಿದ್ದರೆ ಲ್ಯಾಂಪು ಉರಿಸಬೇಡಿ
ಎಂದರು ಮಾಲೀಕ ಪದ್ಮರಾಜಯ್ಯನವರು.

ಬುಧವಾರ ಸೆಕೆಂಡ್ ಷೋ, ಒಂಬತ್ತು ಟಿಕೆಟು.
ಬಾಗಿಲ ಇನಾಯತ್ ಸಾಬರು ನನ್ನ ಮುಖ ನೋಡಿದರು.
ಏನು ತಿಳಿಯಿತೋ,
ಜೇಬಿಗೆ ಕೈಹಾಕಿ ಹತ್ತನೆಯದನ್ನು ನಾನೇ ಹರಿಸಿಕೊಂಡೆ,
ಕಳ್ಳಲೆಕ್ಕ ಹಿಡಿಯಲೆಂದೇ ಸಂಬಳ ತಿನ್ನುವವನು.

ಕೂತೆ. ಸ್ಪ್ರಿಂಗು ಚುಚ್ಚಿತು.
ಇಷ್ಟು ವರ್ಷ ಜನ ಇದರ ಮೇಲೇ ಕೂತಿದ್ದರಲ್ಲ.
ತಕ್ಕಡಿಯವನು ಮುಳ್ಳು ನಿಲ್ಲುವವರೆಗೆ
ಉಸಿರು ಬಿಗಿಹಿಡಿಯುತ್ತಿದ್ದ, ನಾನೂ ಹಿಡಿದೆ.
ಅವನು ಹೆಂಡತಿಗೆ ಏನೋ ಅಂದ,
ಅಷ್ಟರಲ್ಲಿ ಎಕ್ಸ್‌ಪ್ರೆಸ್ಸು ಹಾಯ್ದು ಗೋಡೆಯೆಲ್ಲ ನಡುಗಿ
ಮಾತು ಹೋಯಿತು. ಅವಳು ನಕ್ಕದ್ದು ಮಾತ್ರ ಕಂಡಿತು.

ಅಭ್ಯಾಸಬಲ, ತಿರುಗಿ ನೋಡಿದೆ.
ಕೊನೇ ಸಾಲಿನಲ್ಲೊಬ್ಬ ಪರದೆ ನೋಡುತ್ತಿರಲಿಲ್ಲ.
ತುಟಿ ಅಲ್ಲಾಡುತ್ತಿತ್ತು.
ಎಣಿಸುತ್ತಿದ್ದ.

ಷೋ ಬಿಟ್ಟ ಮೇಲೆ ಸೈಕಲ್ ಸ್ಟ್ಯಾಂಡಿನ ಹತ್ತಿರ ಬಂದು ಕೇಳಿದ:
ಎಷ್ಟಾಯ್ತು ಸಾರ್?
ಹತ್ತು.
ಡೈರೆಕ್ಟರನ್ನು ಬಿಟ್ಟು?
ಒಂಬತ್ತು ಅಂದೆ.
ನನ್ನನ್ನೂ ಬಿಟ್ಟು ಅಂತ ಹೇಳಲು ಬಾಯಿ ಬರಲಿಲ್ಲ.
ಅವನು ಸ್ಟೇಷನ್ನಿನ ಕಡೆ ದಾಟಿದ ಮೇಲೆ ಹೊಳೆಯಿತು,
ಆ ಮಾತು ಏನಂತ ಕೇಳಬಹುದಿತ್ತು.

ಆ ರಾತ್ರಿ ಷರಾದಲ್ಲಿ ಬರೆದೆ:
ಒಬ್ಬರೂ ಎದ್ದು ಹೋಗಲಿಲ್ಲ.

ಬೆಳಿಗ್ಗೆ ಗಾಂಧಿನಗರದಿಂದ ಫೋನು:
ಏನ್ರೀ ಮರುಳಪ್ಪ, ತಲೆ ನೆಟ್ಟಗಿದೆಯಾ,
ಕಾರಣ ಬರೀರಿ ಅಂದ್ರೆ?
ಸರಿ ಸಾರ್ ಅಂದೆ.
ಹೊಡೆದು ಹಾಕಿ, ಚಳಿ ಅಂತ ಬರೆದೆ.

ಹೊರಗೆ ಗಂಗಹನುಮಯ್ಯ ನಾಳೆಯ ಹೀರೋನ ಮೀಸೆಯನ್ನು
ತಕ್ಕಡಿಯ ಮೇಲೆ ಅಂಟಿಸುತ್ತಿದ್ದ.
ಕಾಗದ ಇನ್ನೂ ಒದ್ದೆ.
ಒಂದು ತಟ್ಟೆ ಕಾಣುತ್ತಲೇ ಇತ್ತು.